ಅಪ್ಪನ ಚಿಟಿಕೆ

ಜನವರಿ 3

ಈ ಡೈರಿಯನ್ನು ಹಿಟ್ಟಿನ ಗಿರಣಿಯವರು ಪುಕ್ಕಟೆ ಕೊಟ್ಟಿದ್ದಾರೆ. ಪ್ರತಿ ಪುಟದ ತಲೆಯ ಮೇಲೂ ಒಂದೊಂದು ಗೋಧಿ ತೆನೆಯ ಚಿತ್ರ. ಪುಕ್ಕಟೆ ಬಂದದ್ದನ್ನು ಖಾಲಿ ಬಿಡುವುದು ನನ್ನ ಜಾಯಮಾನವಲ್ಲ, ಹಾಗಾಗಿ ಬರೆಯುತ್ತೇನೆ. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವನು ನಾನು. ಕಾಗುಣಿತದಲ್ಲಿ ಇಡೀ ಶಾಲೆಗೆ ಮೊದಲಿಗ. ಶಾಲೆಯಲ್ಲಿದ್ದದ್ದೇ ಹನ್ನೊಂದು ಮಕ್ಕಳು ಎನ್ನುವುದು ಬೇರೆ ಮಾತು.

ಮೊದಲು ಬರೆದಿಡಬೇಕಾದದ್ದು: ನನ್ನಂಥ ಬ್ರೆಡ್ಡು ಮಾಡುವವನು ಈ ಊರಲ್ಲಿ ಇನ್ನೊಬ್ಬನಿಲ್ಲ. ಬೇರೆಯವರ ಬ್ರೆಡ್ಡು ಅಚ್ಚಿನಿಂದ ಬಿಡಿಸುವಾಗ ಅಳುತ್ತದೆ, ನನ್ನದು ನಗುನಗುತ್ತಾ ಎದ್ದು ಬರುತ್ತದೆ. ಅದರ ಗುಟ್ಟು ಅಪ್ಪನದು. ತಗಡಿನ ಅಚ್ಚಿಗೆ ಎಣ್ಣೆ ಸವರಿ, ಒಂದು ಚಿಟಿಕೆ ಮೈದಾ ಉದುರಿಸಿ, ಅಂಗೈ ಮೇಲೆ ಎರಡು ಸಲ ತಟ್ಟಬೇಕು. ಟಪ್, ಟಪ್. ಒಂದೇ ತಟ್ಟಿದರೆ ಸೋಮಾರಿತನ, ಮೂರು ತಟ್ಟಿದರೆ ಗರ್ವ ಎನ್ನುತ್ತಿದ್ದ ಅಪ್ಪ.

ಬೆಳಿಗ್ಗೆ ಭಟ್ಟಿಯಿಂದ ಬರುವ ಮೊದಲ ಬನ್ನು ನನ್ನದು. ಅದು ರಾಜನ ಪಾಲು. ಇದುವರೆಗೆ ಒಂದು ದಿನವೂ ತಪ್ಪಿಸಿಲ್ಲ. ಎರಡನೆಯದು ಮಿಡತೆಯದು. ಮಿಡತೆ ಎಂದರೆ ನನ್ನ ತಂಗಿಯ ಮಗಳು. ಒಂಬತ್ತು ವರ್ಷದ ಹುಡುಗಿ, ಕಡ್ಡಿಯಂಥ ಕೈಕಾಲು, ಕೂತಲ್ಲಿ ಕೂರುವುದಿಲ್ಲ. ತಂಗಿ ಅಂಗಡಿಯ ಗಲ್ಲಾದಲ್ಲಿ ಕೂರುತ್ತಾಳೆ. ಅವರ ಸಂಸಾರ ಮಹಡಿಯ ಮೇಲೆ, ನನ್ನದು ಭಟ್ಟಿಯ ಪಕ್ಕದ ಕೋಣೆ. ಮದುವೆ ಯಾಕಾಗಲಿಲ್ಲ ಎಂದು ಕೇಳುವವರಿಗೆ, ನನಗೆ ತಕ್ಕವಳು ಹುಟ್ಟಿಲ್ಲ ಎನ್ನುತ್ತೇನೆ. 'ಹುಟ್ಟಿದ್ಲು, ನಿನ್ನ ನೋಡಿ ಓಡಿಹೋದ್ಲು' ಎನ್ನುತ್ತಾಳೆ ತಂಗಿ.

ತಂಗಿಯ ಗಂಡ ಗೂಡ್ಸ್ ರೈಲಿನ ಗಾರ್ಡು. ರೈಲಿನ ಕಟ್ಟಕಡೆಯ ಡಬ್ಬಿಯಲ್ಲಿ ನಿಂತು ಮುಂದೆ ಹೋಗುವ ಡಬ್ಬಿಗಳನ್ನು ನೋಡುತ್ತಾ ಹಸಿರು ಬಾವುಟ ಆಡಿಸುವುದು. ಇದೂ ಒಂದು ಕೆಲಸವೇ?

ಮಿಡತೆಯ ಗುಂಗುರು ಕೂದಲು ನಮ್ಮ ಕಡೆಯದು. ಅವಳ ಕಂಠ ನಮ್ಮ ಕಡೆಯದು. ಲೆಕ್ಕದಲ್ಲಿ ಸೊನ್ನೆ ತಂದದ್ದು ಗಾರ್ಡಿನ ಕಡೆಯದು. ಹೋದ ವರ್ಷದ ಅಂಗಿ ಈ ವರ್ಷವೂ ಸರಿಯಾಗುತ್ತದೆ, ಅಚ್ಚುಗಳನ್ನು ತೂಗುಹಾಕಿದ ಮೊಳೆ ಇನ್ನೂ ಅವಳ ಕೈಗೆ ಎಟುಕುವುದಿಲ್ಲ. ಅದೂ ಗಾರ್ಡಿನ ಕಡೆಯದೇ ಇರಬೇಕು. ಅವರ ಮನೆಯಲ್ಲಿ ಎಲ್ಲರೂ ಗಿಡ್ಡ.

ಜನವರಿ 21

ಮಿಡತೆ ಶಾಲೆಯ ಮೆಟ್ಟಿಲ ಮೇಲೆ ಕೂತಲ್ಲೇ ನಿದ್ದೆ ಹೋಗಿದ್ದಳಂತೆ. ಟೀಚರು ಕರೆದುಕೊಂಡು ಬಂದರು. ಹೊಟ್ಟೆನೋವು ಬಹಳ ದಿನದಿಂದ ಇದೆ, ಭೇದಿಯೂ ಆಗುತ್ತದೆ, ಹೇಳಲು ನಾಚಿಕೆ ಅಂತೆ. ಮುಖ ನಾದಿ ಮರೆತ ಹಿಟ್ಟಿನ ಹಾಗೆ ಬಿಳಿಚಿಕೊಂಡಿದೆ.

"ಏನೇ ಮಿಡತೆ, ಹಾರೋದು ಬಿಟ್ಟು ತೂಕಡಿಸ್ತಾ ಇದೀಯಂತೆ?"

"ಮಾಮಾ, ಕಾಲು ನನ್ನ ಮಾತು ಕೇಳ್ತಿಲ್ಲ."

ನನ್ನ ಮದ್ದು ನನಗೆ ಗೊತ್ತು. ಹಾಲಲ್ಲಿ ಬನ್ನು ಅದ್ದಿ ಮೂರು ಹೊತ್ತು ತಿನ್ನಿಸುತ್ತಿದ್ದೇನೆ. ಮೈದಾನದಲ್ಲಿ ಓಡುವ ಪೈಲ್ವಾನರೇ ನನ್ನ ಬನ್ನು ತಿಂದು ಬೆಳೆದವರು. ಇವಳು ಯಾವ ಲೆಕ್ಕ?

ಫೆಬ್ರವರಿ 6

ಆಸ್ಪತ್ರೆ. ರಕ್ತ ತೆಗೆದರು, ಮಲಗಿಸಿ ಗಂಟಲಿನಿಂದ ಕೊಳವೆ ಇಳಿಸಿ ಕರುಳು ನೋಡಿದರು. ಗಾರ್ಡು ಸಂಬಳ ಕಡಿತದ ರಜೆ ಹಾಕಿ ಬಂದಿದ್ದ. ಅವಳು ಎಚ್ಚರಾಗುವವರೆಗೂ ಅವಳ ಚಪ್ಪಲಿಗಳನ್ನು ಕೈಯಲ್ಲೇ ಹಿಡಿದು ನಿಂತಿದ್ದ, ಬಾವುಟದ ಹಾಗೆ.

ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ಹೇಳಿದ್ದು ಇಷ್ಟು: ಗೋಧಿ ಇವಳಿಗೆ ಆಗುವುದಿಲ್ಲ. ಕರುಳಿನ ಒಳಗೆ ಮಖಮಲ್ಲಿನ ಹಾಗೆ ನವಿರಾದ ಎಳೆಗಳಿರುತ್ತವಂತೆ. ತಿಂದದ್ದನ್ನು ಹೀರಿಕೊಳ್ಳುವುದು ಅವೇ. ಇವಳಲ್ಲಿ ಅವು ಸವೆದು ನುಣುಪಾಗಿವೆ. ಬ್ರೆಡ್ಡು, ಬನ್ನು, ಬಿಸ್ಕತ್ತು, ಗೋಧಿ ಇರುವ ಯಾವುದನ್ನೂ ಇನ್ನು ಮುಂದೆ ಕೊಡಬಾರದು.

"ಎಷ್ಟು ದಿನ?" ಅಂದೆ.

"ಜೀವನಪೂರ್ತಿ."

"ಅಮ್ಮಾ, ನೀವು ನನ್ನ ಬ್ರೆಡ್ಡು ತಿಂದಿದೀರಾ?"

"ದಿನಾ ತಿಂತೀನಿ. ನಮ್ಮ ಮನೆಗೆ ನಿಮ್ಮ ಅಂಗಡೀದೇ."

ತಿಂದು ಚೆನ್ನಾಗಿರುವ ಹೆಂಗಸೇ ಹೀಗೆ ಹೇಳಿದರೆ ಯಾರ ಹತ್ತಿರ ದೂರು ಹೇಳುವುದು?

ಫೆಬ್ರವರಿ 7

ಬೆಳಿಗ್ಗೆ ರೂಢಿಯಂತೆ ಎರಡನೆಯ ಬನ್ನನ್ನು ತಟ್ಟೆಗೆ ಹಾಕಿ, ಮೆಟ್ಟಿಲ ಬಳಿ ನಿಂತು "ಮಿಡತೇ" ಎಂದು ಕೂಗಿದೆ. ಆಮೇಲೆ ನೆನಪಾಯಿತು.

ಎರಡೂ ಬನ್ನನ್ನು ಬೀದಿನಾಯಿಗೆ ಹಾಕಿದೆ. ನನಗೂ ಯಾಕೋ ಹಸಿವಿರಲಿಲ್ಲ.

ಫೆಬ್ರವರಿ 11

ಡಾಕ್ಟರಮ್ಮನ ಜೊತೆ ಜಗಳ ಆಡಲೆಂದೇ ಹೋದೆ. ಒಗೆದ ಅಂಗಿ ಹಾಕಿಕೊಂಡು, ಒಂದು ಬ್ರೆಡ್ಡು ಸಾಕ್ಷಿಗೆ ಹಿಡಿದುಕೊಂಡು.

"ನಾನು ಹುಟ್ಟಿದಾಗಿನಿಂದ ಇದನ್ನೇ ತಿಂದಿದ್ದು. ನಮ್ಮಪ್ಪ ತಿಂದಿದ್ದು ಇದೇ. ಬೀದಿಗೆ ಬೀದೀನೇ ತಿನ್ನುತ್ತೆ. ಆ ಮಗೂಗೆ ಮಾತ್ರ ಯಾಕೆ ವಿಷ?"

ಆಕೆ ಸಿಟ್ಟಾಗಲಿಲ್ಲ. ಬ್ರೆಡ್ಡನ್ನು ತೆಗೆದು ಮೇಜಿನ ಒಳಗಿಟ್ಟುಕೊಂಡು (ವಾಪಸ್ಸು ಕೊಡಲಿಲ್ಲ) ಹೀಗೆ ಹೇಳಿದರು:

"ನಾವು ತಿಂದಿದ್ದು ಒಳಗೆ ಚೂರುಚೂರಾಗುತ್ತೆ. ಮೈಯಲ್ಲಿ ಕೆಲವು ಜೀವಕೋಶಗಳಿಗೆ ಒಂದೇ ಕೆಲಸ. ಸಿಕ್ಕಿದ ಚೂರನ್ನ ಹಿಡಿದು ಎತ್ತಿ ತೋರಿಸೋದು. ನೋಡೋಕೆ ಇನ್ನೊಂದು ಜಾತಿ ಇದೆ, ಸಹಾಯಕ ಟಿ ಕೋಶ ಅಂತ. ಅದು ಚೂರನ್ನ ನೋಡಿ, ಇದು ಶತ್ರು ಅನ್ನಿಸಿದ್ರೆ ಕೂಗಿ ಉಳಿದವರನ್ನೆಲ್ಲ ಎಬ್ಬಿಸುತ್ತೆ."

"ತಾನೇ ಹೊಡೆಯಲ್ವಾ?"

"ಹೆಚ್ಚಾಗಿ ಇಲ್ಲ. ಎಬ್ಬಿಸೋದೇ ಅದರ ಕೆಲಸ."

"ನಮ್ಮ ಅಂಗಡಿ ಮುಂದಿನ ಮುದಿ ನಾಯಿ ಅನ್ನಿ. ಹಲ್ಲಿಲ್ಲ, ಕಚ್ಚಲ್ಲ. ಬೊಗಳಿ ಬೊಗಳಿ ಬೀದೀನೆಲ್ಲ ಎಬ್ಬಿಸುತ್ತೆ."

ಡಾಕ್ಟರಮ್ಮ ನಕ್ಕು, ಇನ್ನು ಮೇಲೆ ಎಲ್ಲರಿಗೂ ಹಾಗೇ ಹೇಳುತ್ತೇನೆ ಎಂದರು. ವಿಜ್ಞಾನಕ್ಕೆ ನನ್ನ ಕಾಣಿಕೆ.

"ಆದ್ರೆ ಆ ನಾಯಿ ಬರೀ ಚೂರನ್ನ ತಿರುಗಿಯೂ ನೋಡಲ್ಲ. ಚೂರು ಒಂದು ಅಚ್ಚಿನಲ್ಲಿ ಕೂತಿರಬೇಕು. ಆ ಅಚ್ಚುಗಳು ಹುಟ್ಟುತ್ತಲೇ ಬರೋದು, ಅಮ್ಮನಿಂದ ಅರ್ಧ, ಅಪ್ಪನಿಂದ ಅರ್ಧ. ಒಬ್ಬೊಬ್ಬರ ಅಚ್ಚು ಒಂದೊಂದು ಆಕಾರ. ಹೆಚ್ಚು ಜನರ ಅಚ್ಚಲ್ಲಿ ಗೋಧಿಯ ಚೂರು ಕೂರಲ್ಲ, ಜಾರಿಬೀಳುತ್ತೆ. ನಾಯಿಗೆ ಏನೂ ಕಾಣಲ್ಲ, ಸುಮ್ಮನೆ ಮಲಗಿರುತ್ತೆ. ನಿಮ್ಮ ಹುಡುಗಿಯ ಅಚ್ಚಲ್ಲಿ ಆ ಚೂರು ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತುಬಿಡುತ್ತೆ. ನಾಯಿ ನೋಡಿದೆ, ಬೊಗಳಿದೆ. ಎದ್ದುಬಂದವರು ಕಳ್ಳ ಸಿಗದೆ ಅವಳ ಕರುಳನ್ನೇ ಹೊಡೀತಿದ್ದಾರೆ. ಒಂದು ಸಲ ಬೊಗಳಿದ ನಾಯಿ ಆ ವಾಸನೆ ಮರೆಯಲ್ಲ. ಒಂದು ಚಿಟಿಕೆ ಹೋದ್ರೂ ಸಾಕು."

ಅಚ್ಚು ಎಂದ ಮೇಲೆ ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಅಂಗಡಿಯ ಒಂದು ಹಳೆಯ ಅಚ್ಚಿಗೆ ಮೂಲೆಯಲ್ಲಿ ಸಣ್ಣ ತಗ್ಗಿದೆ. ಅದರಲ್ಲಿ ಬೆಂದ ಬ್ರೆಡ್ಡಿನ ಮೂಲೆಯಲ್ಲೆಲ್ಲ ಅದೇ ಗುಬುಟು. ಹಿಟ್ಟಿನದೇನು ತಪ್ಪು?

"ಕೆಟ್ಟ ಅಚ್ಚಾ ಅದು, ಅಮ್ಮಾ?"

"ಕೆಟ್ಟದ್ದು ಅಂತ ಯಾವುದೂ ಇಲ್ಲ. ಯಾವುದೋ ಕಾಲದಲ್ಲಿ ಯಾವುದೋ ರೋಗದ ಚೂರನ್ನ ಚೆನ್ನಾಗಿ ಹಿಡಿದು ತೋರಿಸಿ, ಒಂದು ಮನೆತನ ಉಳಿಸಿದ್ರೂ ಉಳಿಸಿರಬಹುದು."

ದಾರಿಯುದ್ದಕ್ಕೂ ಯೋಚಿಸಿದೆ. ಈ ಅಚ್ಚು ಗಾರ್ಡಿನ ಕಡೆಯದು. ಅನುಮಾನವೇ ಇಲ್ಲ.

ಫೆಬ್ರವರಿ 25

ಅಕ್ಕಿಹಿಟ್ಟಿನಲ್ಲಿ ಬ್ರೆಡ್ಡು ಮಾಡಿದೆ. ಇಟ್ಟಿಗೆ ಆಯಿತು.

ಫೆಬ್ರವರಿ 27

ಜೋಳದ ಹಿಟ್ಟು ಬೆರೆಸಿದೆ. ಈ ಸಲ ಮರಳು. ಮಿಡತೆ ಒಂದು ತುತ್ತು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದಳು.

"ಹೇಗಿದೆ?"

"ಮಾಮಾ, ಇದನ್ನ ನುಂಗಲೇಬೇಕಾ, ಅಥವಾ ಇದರಲ್ಲಿ ಮನೆ ಕಟ್ಟಬಹುದಾ?"

ಈ ನಾಲಿಗೆ ನಮ್ಮ ಕಡೆಯದು.

ಮಾರ್ಚ್ 9

ಗೆದ್ದೆ! ಗೆದ್ದೆ! ಅಕ್ಕಿಹಿಟ್ಟು, ಬೇಯಿಸಿ ಹಿಸುಕಿದ ಆಲೂಗಡ್ಡೆ, ಮೊಟ್ಟೆ, ಒಂದು ರಾತ್ರಿಯ ಹುದುಗು. ಮೇಲೆ ಹೊಂಬಣ್ಣ, ಒಳಗೆ ಮೋಡ. ಪಾತ್ರೆ ಹೊಸದು, ಚಮಚ ಹೊಸದು, ಅಚ್ಚು ಹೊಸದು, ಹಿಟ್ಟಿಗೆ ಬೀಗ ಹಾಕುವ ಡಬ್ಬಿ ಬೇರೆ. ಭಟ್ಟಿಯನ್ನು ತಿಕ್ಕಿ ತೊಳೆದು, ದಿನದ ಬ್ರೆಡ್ಡಿಗಿಂತ ಮೊದಲು ಇದನ್ನೇ ಬೇಯಿಸುತ್ತೇನೆ. ಡಾಕ್ಟರಮ್ಮ ಚಿಟಿಕೆ ಎಂದಿದ್ದಾರೆ, ನಾನು ಚಿಟಿಕೆಗೂ ಜಾಗ ಬಿಟ್ಟಿಲ್ಲ.

ಈ ಅಕ್ಕಿ ಬ್ರೆಡ್ಡು ಅಂಟುಪುರುಕ. ಬೇರೆಯವರ ಕೈಯಲ್ಲಾದರೆ ಅಚ್ಚಿನಿಂದ ಬಿಡುತ್ತಲೇ ಇರಲಿಲ್ಲ. ನನ್ನ ಕೈಯಲ್ಲಿ ಟಪ್, ಟಪ್, ನಗುನಗುತ್ತಾ ಎದ್ದು ಬಂತು. ಅಪ್ಪ ಇದ್ದಿದ್ದರೆ ಮೀಸೆ ತಿರುವುತ್ತಿದ್ದ.

ಮಿಡತೆ ಮೂರು ಹೋಳು ತಿಂದಳು. ತಂಗಿ ಗಲ್ಲಾದ ಹಿಂದೆ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡಳು. ನಾನು ನೋಡದವನ ಹಾಗೆ ಹಾಡು ಗುನುಗಿದೆ.

ಬೀದಿನಾಯಿ ಯಾಕೋ ದಪ್ಪಗಾಗುತ್ತಿದೆ.

ಮಾರ್ಚ್ 30

ಅಚ್ಚು ಯಾರ ಕಡೆಯದು ಎಂದು ಪರೀಕ್ಷೆ ಮಾಡಿಸಿಯೇ ಸಿದ್ಧ ಎಂದು ಹಟ ಹಿಡಿದವನು ನಾನು. ಮನೆಯವರನ್ನೂ ನೋಡುವುದು ಒಳ್ಳೆಯದೇ ಎಂದರು ಡಾಕ್ಟರಮ್ಮ. ತಂಗಿ, ಗಾರ್ಡು, ನಾನು, ಮೂವರೂ ರಕ್ತ ಕೊಟ್ಟಿದ್ದೆವು. ಇವತ್ತು ಫಲಿತಾಂಶ.

ಗಾರ್ಡಿನಲ್ಲಿ ಆ ಅಚ್ಚು ಇಲ್ಲ. ತಂಗಿಯಲ್ಲಿ ಇದೆ. ನನ್ನಲ್ಲಿಯೂ ಇದೆ.

ಗಾರ್ಡು ಆಸ್ಪತ್ರೆಯ ಕಾರಿಡಾರಿನಲ್ಲೇ ನಿಂತು ಹೊಟ್ಟೆ ಹಿಡಿದು ನಕ್ಕ. "ಏನ್ ಭಾವ, ಗುಂಗುರು ಕೂದಲು ನಿಮ್ಮ ಕಡೇದು. ಕಂಠ ನಿಮ್ಮ ಕಡೇದು. ಇದು?"

"ಮನೆತನ ಉಳಿಸಿದ ಅಚ್ಚು ಇದು, ಗಾರ್ಡ್ ಸಾಹೇಬ್ರೇ. ಸುಮ್ಮನೆ ಎಲ್ಲರಿಗೂ ಸಿಗಲ್ಲ."

ಆದರೆ ಡಾಕ್ಟರಮ್ಮನನ್ನು ಒಂಟಿಯಾಗಿ ಹಿಡಿದು ಕೇಳಿದೆ. ಅದೇ ಅಚ್ಚು ನನ್ನಲ್ಲೂ ಇದ್ದರೆ ನನಗೇಕೆ ಏನೂ ಆಗಲಿಲ್ಲ? ನನಗೂ ತಂಗಿಗೂ ರಕ್ತದಲ್ಲಿ ಕಾಯಿಲೆಯ ಗುರುತೇ ಇಲ್ಲವಂತೆ.

"ಅಚ್ಚು ಇದ್ದವರಿಗೆಲ್ಲ ಕಾಯಿಲೆ ಬರಲ್ಲ. ಹೆಚ್ಚಿನವರಿಗೆ ಬರೋದೇ ಇಲ್ಲ. ನಿಮ್ಮ ನಾಯಿ ಅದನ್ನ ನೋಡಿಯೂ ಮಲಗಿದೆ. ಅವಳದ್ದು ಯಾಕೆ ಎದ್ದಿತು ಅನ್ನೋದು ನಮಗೂ ಪೂರ್ತಿ ಗೊತ್ತಿಲ್ಲ."

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಐವತ್ತೆರಡು ವರ್ಷದ ಮುದಿಗೂಬೆಯೊಳಗೆ ಮಲಗಿರುವ ನಾಯಿ, ಒಂಬತ್ತರ ಮಗುವಿನೊಳಗೆ ಎದ್ದು ಕೂತಿದೆ. ಅದಲು ಬದಲು ಮಾಡಿಕೊಳ್ಳಲು ಎಲ್ಲಿಯಾದರೂ ಕೌಂಟರು ಇದೆಯೇ?

ಏಪ್ರಿಲ್ 18

ಮದುವೆ ಆರ್ಡರು. ಬೆನ್ನು ಬಿದ್ದುಹೋಯಿತು. ಮಿಡತೆಯ ಬ್ರೆಡ್ಡು ಮಾತ್ರ ಮೊದಲು ಬೆಂದಿತು.

ಜೂನ್ 14

ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ.

ಮತ್ತೆ ರಕ್ತ ಪರೀಕ್ಷೆ ಆಯಿತು. ಕಾಯಿಲೆಯ ಗುರುತಿನ ಅಂಕಿ ಇಳಿಯಬೇಕಿತ್ತು, ಇಳಿಯಬೇಕಾದಷ್ಟು ಇಳಿದಿಲ್ಲ. ತೂಕ ಒಂದಿಷ್ಟು ಏರಿದೆ, ಎತ್ತರ ಇದ್ದಲ್ಲೇ ಇದೆ. ಹೀಗೇ ಆದರೆ ಬೆಳೆಯುವ ವಯಸ್ಸು ಕೈಜಾರಿ ಹೋಗುತ್ತದೆ, ಮೂಳೆಯೂ ಟೊಳ್ಳಾಗುತ್ತದೆ ಎಂದರು ಡಾಕ್ಟರಮ್ಮ. "ಎಲ್ಲಿಂದಲೋ ಗೋಧಿ ಒಳಗೆ ಹೋಗ್ತಿದೆ. ಗದರಬೇಡಿ, ಮೆಲ್ಲಗೆ ವಿಚಾರಿಸಿ."

ನಾವು ಮೆಲ್ಲಗೆ ವಿಚಾರಿಸಲಿಲ್ಲ.

"ನಿಜ ಹೇಳು, ಶಾಲೇಲಿ ಯಾರ ಡಬ್ಬಿಗೆ ಕೈ ಹಾಕ್ತೀಯ?" ಎಂದಳು ತಂಗಿ.

"ಯಾರದ್ದಕ್ಕೂ ಇಲ್ಲ."

"ಅಂಗಡಿ ಬಿಸ್ಕತ್ತು?" ಇದು ಗಾರ್ಡು.

"ಇಲ್ಲಪ್ಪಾ."

ಆಗ ನಾನು ತಮಾಷೆ ಮಾಡಿ ವಾತಾವರಣ ತಿಳಿಮಾಡೋಣ ಎಂದುಕೊಂಡೆ. "ಹೋಗಲಿ ಬಿಡಿ, ಕದ್ದು ತಿನ್ನೋದು ನಮ್ಮ ಕಡೇದು. ನಾನೂ ಚಿಕ್ಕವನಿದ್ದಾಗ ಭಟ್ಟಿ ಹಿಂದೆ ಕೂತು ಎಷ್ಟು ಬನ್ನು ಮುಗಿಸಿದೀನೋ! ಒಪ್ಕೊಂಡುಬಿಡೇ ಮಿಡತೆ, ಮಾಮ ಇದ್ದೀನಿ."

ಅವಳು ನನ್ನನ್ನೇ ನೋಡಿದಳು. ಅಮ್ಮನನ್ನಲ್ಲ, ಅಪ್ಪನನ್ನಲ್ಲ.

"ನೀನೂನಾ?" ಎಂದಳು. ಮೆಟ್ಟಿಲು ಹತ್ತಿ ಹೋದಳು.

ಜೂನ್ 15

ಮಾತಿಲ್ಲ.

ಜೂನ್ 17

ಇವತ್ತೂ ಇಲ್ಲ. ಮೆಟ್ಟಿಲ ಬಳಿ ನಿಂತು ಕೋಳಿ ಕೂಗಿದ ಹಾಗೆ ಕೂಗಿದೆ, ಕತ್ತೆ ಕೂಗಿದ ಹಾಗೆ ಕೂಗಿದೆ. ಕತ್ತೆಗೆ ಸಾಮಾನ್ಯವಾಗಿ ನಗುತ್ತಾಳೆ. ಗಿರಾಕಿಗಳು ನಕ್ಕರು.

ಅವಳ ಬ್ರೆಡ್ಡನ್ನು ಮಾತ್ರ ತಪ್ಪದೆ ತಿನ್ನುತ್ತಿದ್ದಾಳೆ. ಒಂದು ತುಣುಕೂ ಬಿಡದೆ. ನನ್ನ ಮೇಲೆ ಸಿಟ್ಟಿದ್ದರೂ ನನ್ನ ಬ್ರೆಡ್ಡಿನ ಮೇಲೆ ನಂಬಿಕೆಯಿದೆ.

ಜೂನ್ 22

ಶಾಲೆಗೆ ರಜೆ. ಬೆಳಿಗ್ಗೆ ಅವಳ ಬ್ರೆಡ್ಡಿಗೆ ಹಿಟ್ಟು ಕಲಸುತ್ತಿದ್ದೆ. ಹಿತ್ತಲ ಕಿಟಕಿಯಲ್ಲಿ ಗುಂಗುರು ಕೂದಲು ಕಾಣಿಸಿತು. ಮೈದಾದ ಧೂಳಿಗೆ ಒಳಗೆ ಬರಬಾರದೆಂದು ಹೇಳಿದ್ದೆವಲ್ಲ, ಆಚೆ ಕಡೆ ಸೌದೆ ರಾಶಿಯ ಮೇಲೆ ಹತ್ತಿ ನಿಂತಿದ್ದಳು.

"ಏನೇ, ಮಾತಾಡಲ್ಲ ಅಂದಿದ್ದೆ?"

"ಈಗಲೂ ಮಾತಾಡ್ತಿಲ್ಲ. ನೋಡ್ತಿದೀನಿ."

"ಏನನ್ನ?"

"ಇವತ್ತು ಪೂರ್ತಿ ನಾನು ಏನು ತಿಂತೀನಿ ನೀನು ನೋಡು. ನೀನು ಏನು ಮಾಡ್ತೀಯ ನಾನು ನೋಡ್ತೀನಿ. ಆಮೇಲೆ ಕಳ್ಳಿ ಯಾರು ಹೇಳೋಣ."

ನೋಡುವವರಿದ್ದರೆ ನನ್ನ ಕೈಗೆ ಎರಡು ಪಟ್ಟು ಹುರುಪು. ಹೊಸ ಪಾತ್ರೆ ತೋರಿಸಿದೆ. ಬೀಗದ ಡಬ್ಬಿ ತೋರಿಸಿದೆ. ಆಲೂಗಡ್ಡೆಯನ್ನು ಮೇಲೆ ಹಾರಿಸಿ ಹಿಡಿದೆ. ಹುದುಗಿಗೆ ಮುದ್ದು ಮಾತು ಹೇಳಿದೆ. ಅವಳು ನಗಲಿಲ್ಲ, ರೆಪ್ಪೆಯನ್ನೂ ಅಲುಗಿಸದೆ, ರೈಲಿನ ಒಂದೊಂದೇ ಡಬ್ಬಿಯನ್ನು ದಾಟಿಸುವ ಹಾಗೆ ನೋಡುತ್ತಾ ನಿಂತಿದ್ದಳು. ಅಚ್ಚಿಗೆ ಎಣ್ಣೆ ಸವರಿದೆ. ಟಪ್, ಟಪ್.

"ಮಾಮಾ, ಈಗ ಏನು ಹಾಕಿದೆ?"

"ಎಲ್ಲಿ?"

"ಅಚ್ಚಿಗೆ. ತಟ್ಟೋ ಮುಂಚೆ."

"ಏನೂ ಇಲ್ಲ. ಎಣ್ಣೆ ಅಷ್ಟೆ."

"ಹಾಕಿದೆ ಮಾಮಾ. ಆ ಕಡೆ ಮೂಟೆಗೆ ಕೈ ಹೋಯ್ತು."

ನಾನು ನನ್ನ ಬಲಗೈ ನೋಡಿಕೊಂಡೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರೂ ಬೆಳ್ಳಗಿದ್ದವು.

ಮೈದಾ ಮೂಟೆ ಯಾವತ್ತೂ ನನ್ನ ಬಲಕ್ಕೇ ಇರುತ್ತದೆ. ಅಪ್ಪನ ಕಾಲದಿಂದ. ನನಗೆ ಗೊತ್ತೇ ಆಗದೆ ಕೈ ಹೋಗಿ ಬಂದಿತ್ತು. ಮಾರ್ಚಿನಿಂದ ಪ್ರತಿ ಬೆಳಿಗ್ಗೆಯೂ ಹೋಗಿ ಬಂದಿತ್ತು. ಹೊಸ ಪಾತ್ರೆ, ಹೊಸ ಚಮಚ, ಬೀಗದ ಡಬ್ಬಿ. ಕಡೆಗೆ ಅಪ್ಪನ ಚಿಟಿಕೆ.

ಅಚ್ಚು ಕೈಯಲ್ಲೇ ಇತ್ತು. ಎಲ್ಲಿಡಬೇಕೆಂದು ತೋಚಲಿಲ್ಲ.

"ಮಾಮಾ," ಎಂದಳು ಮಿಡತೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಅಳ್ತಿದೀಯಾ?"

"ಹೊಗೆ ಕಣೇ."

"ಭಟ್ಟಿ ಇನ್ನೂ ಹಚ್ಚೇ ಇಲ್ಲವಲ್ಲ."

ಜೂನ್ 23

ತಂಗಿಗೆ ಹೇಳಿದೆ. ಅವಳು ಗಲ್ಲಾ ಮುಚ್ಚಿ ಬೀಗ ಹಾಕಿದಳು. ಆಮೇಲೆ, "ಅಣ್ಣಾ, ಊಟ ಮಾಡು" ಎಂದಳು. ಬೈದಿದ್ದರೆ ಊಟ ಇಳಿಯುತ್ತಿತ್ತು.

ಜೂನ್ 25

ಗಾರ್ಡು ಬರುವ ರೈಲಿಗೆ ಸ್ಟೇಷನ್ನಿಗೇ ಹೋದೆ. ಮನೆಯಲ್ಲಿ ಹೇಳಿದರೆ ತಂಗಿ ನನ್ನ ಪರ ಮಾತಾಡುತ್ತಾಳೆ, ಅದು ನನಗೆ ಬೇಡವಾಗಿತ್ತು. ಗೂಡ್ಸ್ ರೈಲು ಎಷ್ಟು ಉದ್ದ! ಒಂದರ ಹಿಂದೆ ಒಂದು ಡಬ್ಬಿ ಹೋಗುತ್ತಲೇ ಇದೆ. ಇನ್ನೂ ಒಂದು ಹೋಗಲಿ, ಇನ್ನೂ ಒಂದು ಹೋಗಲಿ ಎಂದುಕೊಳ್ಳುತ್ತಿದ್ದೆ. ಕೊನೆಯ ಡಬ್ಬಿ ಬಂದೇಬಿಟ್ಟಿತು.

ನಿಂತಲ್ಲೇ ಎಲ್ಲ ಹೇಳಿದೆ. ಕೈ ಹೇಗೆ ಹೋಗುತ್ತದೆ ಎಂದು ಆಡಿಸಿಯೂ ತೋರಿಸಿದೆ. ಅವನು ಬಾವುಟ ಸುತ್ತುತ್ತಾ ಕೇಳಿದ.

"ನನ್ನ ಮಗಳನ್ನ ಕಳ್ಳಿ ಅಂದ್ವಿ, ಭಾವ. ನಾನೂ ಅಂದೆ."

"ನಾನು ಜೋರಾಗಿ ಅಂದೆ."

"ಹೌದು. ನೀವು ಎಲ್ಲಾನೂ ಜೋರಾಗೇ ಅನ್ನೋದು." ಬಾವುಟವನ್ನು ಕಂಕುಳಿಗೆ ಸಿಕ್ಕಿಸಿಕೊಂಡ. "ನಡೀರಿ. ಇಬ್ಬರೂ ಹೋಗಿ ಕ್ಷಮೆ ಕೇಳೋಣ. ನೀವು ಮುಂದೆ, ನಾನು ಹಿಂದೆ. ಹಿಂದೆ ನಿಂತು ಅಭ್ಯಾಸ ನನಗೆ."

ಇಬ್ಬರೂ ಕೇಳಿದೆವು. ಅವಳು ಮೆಟ್ಟಿಲ ಮೇಲೆ ಕೂತು, ನ್ಯಾಯಾಧೀಶರ ಹಾಗೆ ಗಲ್ಲಕ್ಕೆ ಕೈಕೊಟ್ಟು ಕೇಳಿದಳು. ತೀರ್ಪು: ಅಪ್ಪನಿಗೆ ಮಾಫಿ. ಮಾಮನಿಗೆ ಕತ್ತೆ ಕೂಗು, ಬೀದಿಗೆ ಕೇಳಿಸುವ ಹಾಗೆ.

ಕೂಗಿದೆ. ನಕ್ಕಳು.

ಜುಲೈ 19

ಹಿತ್ತಲ ಸೌದೆ ಕೋಣೆಯನ್ನು ಖಾಲಿ ಮಾಡಿ, ಗೋಡೆಗೆ ಸುಣ್ಣ ಬಳಿದು, ಅಲ್ಲೇ ಒಂದು ಪುಟ್ಟ ಒಲೆ ಹಾಕಿಸಿದ್ದೇನೆ. ಮೈದಾ ಅಲ್ಲಿಗೆ ಗಾಳಿಯಲ್ಲೂ ಹೋಗುವಂತಿಲ್ಲ. ನಾನು ಒಳಗೆ ಹೋಗಬೇಕಾದರೂ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಉಗುರು ತೋರಿಸಬೇಕು. ಬಾಗಿಲಲ್ಲಿ ಇನ್‌ಸ್ಪೆಕ್ಟರು ನಿಂತಿರುತ್ತಾಳೆ.

"ಸ್ನಾನ ಆಯ್ತಾ?"

"ಆಯ್ತು ತಾಯಿ."

"ಕಿವಿ ಹಿಂದೆ?"

"ಕಿವಿ ಹಿಂದೆ ಯಾರೇ ಬ್ರೆಡ್ಡು ಮಾಡ್ತಾರೆ?"

"ತೋರಿಸು."

ಅಚ್ಚಿಗೆ ಅಕ್ಕಿಹಿಟ್ಟು ಉದುರಿಸುತ್ತೇನೆ. ಮೊದಲ ವಾರವೆಲ್ಲ ಬಲಗೈ ಗಾಳಿಯಲ್ಲಿ ಇಲ್ಲದ ಮೂಟೆಯನ್ನು ಹುಡುಕಿತು. ಈಗ ಎಡಗೈಯಲ್ಲಿ ಬಲ ಮಣಿಕಟ್ಟು ಹಿಡಿದುಕೊಂಡೇ ಉದುರಿಸುತ್ತೇನೆ, ತುಂಟ ಕರುವನ್ನು ಹಗ್ಗ ಹಿಡಿದು ನಡೆಸುವ ಹಾಗೆ. ದಿನಕ್ಕೆ ಎರಡು ಸಲ ಸ್ನಾನ ಮಾಡುವ ಬ್ರೆಡ್ಡಿನವನು ಇಡೀ ಊರಿನಲ್ಲಿ ನಾನೊಬ್ಬನೇ.

ಈ ಪುಟದ ಮೇಲಿನ ಗೋಧಿ ತೆನೆಗೆ ಮಿಡತೆ ಮೀಸೆ ಬರೆದಿದ್ದಾಳೆ. ನನ್ನ ಡೈರಿ ಯಾವಾಗ ಮುಟ್ಟಿದಳೋ! ಓದಿದ್ದಾಳೆಯೇ? ಓದಿದ್ದರೆ, ಮಿಡತೇ, ಇನ್ನೊಬ್ಬರ ಡೈರಿ ಓದುವುದು ತಪ್ಪು. ಮೀಸೆ ಮಾತ್ರ ಚೆನ್ನಾಗಿದೆ.

ಸೆಪ್ಟೆಂಬರ್ 28

ಅಂಕಿ ಇಳಿದಿದೆ. ಅರ್ಧಕ್ಕರ್ಧ. ಡಾಕ್ಟರಮ್ಮ ತಮ್ಮ ಕೈಯಿಂದಲೇ ಮಿಡತೆಗೆ ಒಂದು ಪೆನ್ನು ಕೊಟ್ಟರು. ನನಗೆ ಏನೂ ಕೊಡಲಿಲ್ಲ, ನಾನು ಕೇಳಲೂ ಇಲ್ಲ.

"ನಾಯಿ ಮಲಗಿತಾ ಅಮ್ಮಾ?"

"ಪೂರ್ತಿ ಮಲಗೋದಿಲ್ಲ. ತೋರಿಸೋಕೆ ಚೂರು ಸಿಗದಿದ್ರೆ ಸುಮ್ಮನೆ ಬಿದ್ದಿರುತ್ತೆ. ಅಷ್ಟರಲ್ಲಿ ಕರುಳು ಚಿಗುರಿಕೊಳ್ಳುತ್ತೆ."

ಸಾಕು. ಸುಮ್ಮನೆ ಬಿದ್ದಿರಲಿ. ನಾವು ಬಾಗಿಲು ಕಾಯುತ್ತೇವೆ.

ಊರಿನಲ್ಲಿ ಇಂಥದೇ ಇನ್ನೂ ಎರಡು ಮಕ್ಕಳಿದ್ದಾರಂತೆ. ಅವರ ತಾಯಂದಿರು ಡಾಕ್ಟರಮ್ಮನಿಂದ ಕೇಳಿಕೊಂಡು ಅಂಗಡಿಗೆ ಬಂದಿದ್ದರು. ಸೌದೆ ಕೋಣೆಯ ಬ್ರೆಡ್ಡು ಈಗ ದಿನಕ್ಕೆ ಮೂರು. ಅವರೆದುರು ತಂಗಿ ಹೇಳುತ್ತಿದ್ದಳು, "ನಮ್ಮ ಹುಡುಗಿಯೇ ಕಂಡುಹಿಡಿದಿದ್ದು, ಅಚ್ಚಿಗೆ ಹಾಕೋ ಹಿಟ್ಟೂ ನೋಡ್ಕೋಬೇಕು ಅಂತ." ನಾನು ಪಕ್ಕದಲ್ಲೇ ಇದ್ದೆ. ಸುಮ್ಮನೆ ತಲೆಯಾಡಿಸಿದೆ.

ಡಿಸೆಂಬರ್ 13

ಮಿಡತೆಯ ಅಂಗಿಗಳೆಲ್ಲ ಗಿಡ್ಡವಾಗಿವೆ. ತಂಗಿ ಅಂಚು ಬಿಚ್ಚಿ ಬಿಚ್ಚಿ ಸಾಕಾಗಿ ಬೈಯುತ್ತಿದ್ದಾಳೆ. ಇಂಥ ಸುಖದ ಬೈಗುಳ ನಾನು ಕೇಳಿರಲಿಲ್ಲ.

ಇವತ್ತು ಬೆಳಿಗ್ಗೆ ಸ್ನಾನ ಮುಗಿಸಿ ಸೌದೆ ಕೋಣೆಗೆ ಹೋಗುವಷ್ಟರಲ್ಲಿ ಮಿಡತೆ ಒಳಗಿದ್ದಳು. ಬಾಗಿಲಲ್ಲಿ ಗಾರ್ಡು, ರಜೆಯ ಮೇಲೆ. ಅವನು ತುಟಿಯ ಮೇಲೆ ಬೆರಳಿಟ್ಟ. ಇಬ್ಬರೂ ನಿಂತು ನೋಡಿದೆವು.

ಅವಳು ತುದಿಗಾಲಿನ ಮೇಲೆ ನಿಲ್ಲದೆ, ನೇರವಾಗಿ ಕೈ ಚಾಚಿ, ಭಟ್ಟಿಯ ಕಡೆಯದರಷ್ಟೇ ಎತ್ತರದಲ್ಲಿ ಹೊಡೆದ ಮೊಳೆಯಿಂದ ಅಚ್ಚು ಇಳಿಸಿದಳು. ಎಣ್ಣೆ ಸವರಿದಳು. ಅಕ್ಕಿಹಿಟ್ಟನ್ನು ಮೂರು ಬೆರಳಲ್ಲಿ ಹಿಡಿದು, ಮಣಿಕಟ್ಟನ್ನು ಸ್ವಲ್ಪ ಹೊರಗೆ ತಿರುಗಿಸಿ, ಉದುರಿಸಿದಳು. ಆ ತಿರುವು ಅಪ್ಪನದು. ಒಂದು ಕೈಯಿಂದ ಇನ್ನೊಂದನ್ನು ಹಿಡಿದುಕೊಂಡು ಉದುರಿಸುವ ನಾನು ಆ ತಿರುವನ್ನು ಬಿಟ್ಟು ತಿಂಗಳುಗಳಾದವು. ಆಮೇಲೆ ಅಂಗೈ ಮೇಲೆ ತಟ್ಟಿದಳು.

ಟಪ್, ಟಪ್.

ಗಾರ್ಡು ನನ್ನ ಕಿವಿಯಲ್ಲಿ ಹೇಳಿದ, "ಇದು ನಿಮ್ಮ ಕಡೇದು, ಭಾವ. ಇದಕ್ಕೆ ನನ್ನ ತಕರಾರಿಲ್ಲ."

"ಕೈ ನಮ್ಮ ಕಡೇದು," ಅಂದೆ. "ಕಣ್ಣು ನಿಮ್ಮದು. ಕೊನೇ ಡಬ್ಬಿ ದಾಟೋವರೆಗೂ ರೆಪ್ಪೆ ಹೊಡೆಯದ ಕಣ್ಣು. ಅದಿಲ್ಲದಿದ್ರೆ ಇಷ್ಟು ಹೊತ್ತಿಗೆ..." ಅವನು ನನ್ನ ಭುಜ ಹಿಡಿದುಕೊಂಡ.

ಬ್ರೆಡ್ಡು ಬೆಂದು ಬಂತು. ನಗುನಗುತ್ತಾ ಎದ್ದು ಬಂತು, ನನ್ನದಕ್ಕಿಂತ ಒಂದು ನಗು ಹೆಚ್ಚು. ಮಿಡತೆ ಅದು ಆರುವವರೆಗೂ ಕಾದು (ನನಗೆ ಈ ತಾಳ್ಮೆ ಈಗಲೂ ಇಲ್ಲ) ಮೂಲೆಯ ತುಂಡು ಕೊಯ್ದು ನನ್ನ ಮುಂದೆ ಹಿಡಿದಳು.

"ಮೊದಲನೇದು ರಾಜನ ಪಾಲು."

"ನಿನಗಿರಲಿ ಕಣೇ. ಬೆಳೆಯೋಳು ನೀನು."

"ಮಾಮಾ, ನೀನು ಬನ್ನು ತಿಂದು ಎಷ್ಟು ತಿಂಗಳಾಯ್ತು?"

"ದಿನಾ ತಿಂತೀನಲ್ಲ."

"ಸುಳ್ಳು. ನನಗೆ ಕೊಡೋದು ಬಿಟ್ಟ ದಿನದಿಂದ ನೀನೂ ತಿಂದಿಲ್ಲ. ಕಿಟಕಿಯಿಂದ ನೋಡ್ತೀನಿ. ಎರಡನ್ನೂ ನಾಯಿಗೆ ಹಾಕ್ತೀಯ. ಅದು ನೋಡು ಹೇಗಾಗಿದೆ, ಮೆಟ್ಟಿಲು ಹತ್ತೋಕೂ ಆಗಲ್ಲ ಅದಕ್ಕೆ."

ಹೌದೇ? ಲೆಕ್ಕ ಹಾಕಿ ನೋಡಿದೆ. ನನಗೆ ಗೊತ್ತೇ ಇರಲಿಲ್ಲ. ಏನೋ, ಬೆಳಗಿನ ಹೊತ್ತು ಹಸಿವಾಗುತ್ತಿರಲಿಲ್ಲ ಅಷ್ಟೆ.

ತುಂಡು ಅವಳ ಕೈಯಲ್ಲೇ ಇತ್ತು. ತೆಗೆದುಕೊಂಡು ತಿಂದೆ. ಇನ್ನೊಂದು ಕೇಳಿ ತಿಂದೆ. ಮೂರನೆಯದಕ್ಕೆ ಕೈ ಚಾಚಿದಾಗ ಅವಳು ಕೈ ಮೇಲೆ ಹೊಡೆದಳು.

ಬಹಳ ಹಸಿವಾಗಿತ್ತು.